ದಂಡಿನ ಊರು, ದಂಡಿನ ನುಡಿ

ಬೆಂಗಳೂರಿನ ಕಂಟೋನ್ಮೆಂಟನ್ನು ಹಳಬರು ಇಂದಿಗೂ 'ದಂಡು' ಎನ್ನುತ್ತಾರೆ. ದಂಡು ಎಂದರೆ ಸೈನ್ಯ. ಅಲ್ಲಿನ ಮುಸ್ಲಿಮರ ಮನೆಮಾತು ಉರ್ದು. ತುರ್ಕಿ ಮೂಲದ ಆ ಪದಕ್ಕೂ ಸೈನ್ಯದ ಪಾಳೆಯವೆಂದೇ ಅರ್ಥ. ಒಂದು ಊರಿಗೂ ಒಂದು ನುಡಿಗೂ ಒಂದೇ ಹೆಸರು. ಆದರೂ ಆ ನುಡಿಯಾಡುವವರನ್ನು ಆ ಊರಿನಲ್ಲೇ 'ನೀವು ಎಲ್ಲಿಯವರು?' ಎಂದು ಕೇಳುವವರಿದ್ದಾರೆ. ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಬರೆಯುವ ನಮ್ಮಂಥವರು ಈ ಪ್ರಶ್ನೆಗೆ ಸಿಟ್ಟಾಗುವುದಕ್ಕಿಂತ ಚರಿತ್ರೆಯ ಪುಟಗಳನ್ನು ತೆರೆಯುವುದು ಒಳ್ಳೆಯದು.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಗೆ ನುಗ್ಗಿದಾಗ ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಮಡಿದರು. 1799ರಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ ಬ್ರಿಟಿಷರು ಶ್ರೀರಂಗಪಟ್ಟಣದಲ್ಲೇ ಸೈನ್ಯವನ್ನಿಟ್ಟರು. ಆದರೆ ಅಲ್ಲಿನ ಜ್ವರ ಸಿಪಾಯಿಗಳನ್ನು ಕಾಡಿತು. ಒಳ್ಳೆಯ ಹವೆಯನ್ನು ಹುಡುಕಿಕೊಂಡು 1809ರ ಹೊತ್ತಿಗೆ ಸೈನ್ಯ ಹಲಸೂರಿನ ಬಳಿಗೆ ಬಂದು ನೆಲೆಯೂರಿತು. ಕೆಂಪೇಗೌಡರ ಪೇಟೆಗೂ ಈ ದಂಡಿಗೂ ನಡುವೆ ಬಯಲಿತ್ತು. ಮುಂದೆ ಅಲ್ಲೇ ಕಬ್ಬನ್ ಪಾರ್ಕ್ ಎದ್ದಿತು.

ಸೈನ್ಯವೆಂದರೆ ಬರೀ ಬಂದೂಕು ಹಿಡಿದವರಲ್ಲ. ಅವರಿಗೆ ನೀರು ಹೊರುವ ಭಿಸ್ತಿ ಬೇಕು, ಮಾಂಸ ಕೊಡುವ ಕಸಾಯಿ ಬೇಕು, ಅಂಗಿ ಹೊಲಿಯುವ ದರ್ಜಿ, ಕುದುರೆಗೆ ಲಾಳ ಕಟ್ಟುವವನು, ಅಡುಗೆಯವನು, ಅಗಸ ಎಲ್ಲರೂ ಬೇಕು. ಮದ್ರಾಸ್ ಸೈನ್ಯದ ಬೆನ್ನಿಗೇ ತಮಿಳು ಮಾತಾಡುವ ಸಾವಿರಾರು ಜನ ಬಂದರು. ದಖನಿ ಉರ್ದು ಮಾತಾಡುವ ಕುಶಲಕರ್ಮಿಗಳು ಬಂದರು. ಬ್ಲ್ಯಾಕ್‌ಪಲ್ಲಿ, ಅಂದರೆ ಇಂದಿನ ಶಿವಾಜಿನಗರ, ಅವರ ಬಜಾರಾಯಿತು. ಬೀದಿಗಳ ಹೆಸರುಗಳನ್ನೇ ನೋಡಿ: ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ ಒಂದು ಕಡೆ, ಸ್ಲಾಟರ್ ಹೌಸ್ ರಸ್ತೆ, ಟ್ಯಾನರಿ ರಸ್ತೆ ಇನ್ನೊಂದು ಕಡೆ. ಮೊದಲಿನವು ಸೈನ್ಯದ ಹೆಸರು ಹೊತ್ತರೆ, ಎರಡನೆಯವು ದುಡಿದವರ ಬೆವರಿನ ವಾಸನೆ ಹೊತ್ತಿವೆ.

1824ರಲ್ಲಿ ಇರಾನಿನ ಶಿರಾಜ್‌ನಿಂದ ಆಗಾ ಅಲಿ ಅಸ್ಕರ್ ಎಂಬ ಹುಡುಗ ಕುದುರೆಗಳನ್ನು ಹೊಡೆದುಕೊಂಡು ಇಲ್ಲಿಗೆ ಬಂದ. ಸೈನ್ಯಕ್ಕೆ ಕುದುರೆ ಮಾರಿದ, ಬಂಗಲೆಗಳನ್ನು ಕಟ್ಟಿಸಿದ, ಕಮಿಷನರ್ ಮಾರ್ಕ್ ಕಬ್ಬನ್‌ನ ಸ್ನೇಹ ಗಳಿಸಿದ. ಅವರ ಮೊಮ್ಮಗನೇ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಇದೇ ದಂಡಿನ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು 1873ರಲ್ಲಿ ಬಡ ಮಕ್ಕಳಿಗಾಗಿ ಶಾಲೆ ತೆರೆದರು. ಹಾಜಿ ಸರ್ ಇಸ್ಮಾಯಿಲ್ ಸೇಠರು ಗೋಷಾ ಆಸ್ಪತ್ರೆ ಕಟ್ಟಿಸಿದರು. 'ಹೊರಗಿನವರು' ಈ ಮಣ್ಣಿಗೆ ಏನು ಕೊಟ್ಟರೆಂದು ಕೇಳುವವರಿಗೆ ಈ ಮೂರು ಹೆಸರುಗಳು ಸಾಕು.

1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿತು. ದಂಡು ಮಾತ್ರ ಮರಳಲಿಲ್ಲ. ಅದು 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಕೈಯಲ್ಲೇ ಉಳಿಯಿತು. ಒಂದು ಊರಿಗೆ ಎರಡು ಆಡಳಿತ, ಎರಡು ಮುನಿಸಿಪಾಲಿಟಿ, ಎರಡು ಕಾನೂನು. ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಕನ್ನಡ; ದಂಡಿನಲ್ಲಿ ಇಂಗ್ಲಿಷ್, ತಮಿಳು, ಉರ್ದು. ಇಂದು ನಾವು ಕಾಣುವ ಭಾಷೆಯ ಬಿರುಕಿನ ಬೇರು ಇಲ್ಲಿದೆ. ಅದನ್ನು ಎಳೆದವರು ಭಿಸ್ತಿಗಳೂ ಅಲ್ಲ, ದರ್ಜಿಗಳೂ ಅಲ್ಲ. ಆದರೆ 1898ರಲ್ಲಿ ಪ್ಲೇಗು ಬಂದಾಗ ಅದು ಯಾವ ಗಡಿಯನ್ನೂ ಕೇಳಲಿಲ್ಲ. ಪೇಟೆಯವರನ್ನೂ ದಂಡಿನವರನ್ನೂ ಒಂದೇ ಸಮನೆ ಹೊತ್ತೊಯ್ದಿತು.

1896ರಲ್ಲಿ ಇಲ್ಲಿಗೆ ಬಂದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಪೋಲೋ ಆಡುತ್ತ, ಪುಸ್ತಕ ಓದುತ್ತ ಕಾಲ ಕಳೆದ. ಕ್ಲಬ್ಬಿಗೆ ಅವನು ಉಳಿಸಿಹೋದ ಹದಿಮೂರು ರೂಪಾಯಿ ಸಾಲ ಇಂದಿಗೂ ದೊಡ್ಡ ಸುದ್ದಿ. ಅವನ ಕುದುರೆಗೆ ಹುಲ್ಲು ಹಾಕಿದವನ ಹೆಸರು ಯಾವ ಲೆಕ್ಕದ ಪುಸ್ತಕದಲ್ಲೂ ಸುದ್ದಿಯಾಗಲಿಲ್ಲ. ನಮ್ಮ ಚರಿತ್ರೆ ಯಾರನ್ನು ನೆನಪಿಡುತ್ತದೆ, ಯಾರನ್ನು ಮರೆಯುತ್ತದೆ ಎನ್ನುವುದಕ್ಕೆ ಇಷ್ಟು ಸಾಕು.

1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ, ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಮುನಿಸಿಪಾಲಿಟಿಗಳು ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಕಾಗದದ ಮೇಲೆ ಊರು ಒಂದಾಯಿತು. ಮನಸ್ಸುಗಳು ಒಂದಾದವೇ? 1994ರ ಅಕ್ಟೋಬರ್‌ನಲ್ಲಿ ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿದಾಗ ಬೆಂಗಳೂರು ಹೊತ್ತಿ ಉರಿಯಿತು, ಅಮಾಯಕರು ಸತ್ತರು. ಹತ್ತು ನಿಮಿಷದ ಮಾತಿಗೆ ತೆತ್ತ ಬೆಲೆ ಅದು.

ತಪ್ಪು ಒಂದೇ ಕಡೆ ಇದೆಯೆಂದು ನಾವು ಹೇಳುವುದಿಲ್ಲ. ಬ್ರಿಟಿಷರ ನೆರಳಿನಲ್ಲಿ ಬೆಳೆದ ದಂಡು ಬಹುಕಾಲ ಕನ್ನಡಕ್ಕೆ ಬೆನ್ನು ತಿರುಗಿಸಿ ಬದುಕಿತು. ನಮ್ಮ ಹಿರಿಯರಲ್ಲಿ ಹಲವರು ಕನ್ನಡ ಓದಲು ಕಲಿಯಲಿಲ್ಲ, ಕಲಿಯಬೇಕೆಂದು ಅವರಿಗೆ ಅನಿಸಲೂ ಇಲ್ಲ. ಆ ಕೊರತೆಯನ್ನು ತುಂಬಬೇಕಾದವರು ನಾವೇ. ಆದರೆ ಉರ್ದುವನ್ನು ಬಿಟ್ಟು ಕನ್ನಡಕ್ಕೆ ಬರಬೇಕೆನ್ನುವುದು ನ್ಯಾಯವಲ್ಲ. ಒಂದು ಮನೆಗೆ ಎರಡು ಬಾಗಿಲಿದ್ದರೆ ಗಾಳಿ ಚೆನ್ನಾಗಿ ಆಡುತ್ತದೆ.

ದಂಡು ಎತ್ತಿಕೊಂಡು ಬಂದವರು ಹೋದರು. ದಂಡಿನ ಹಿಂದೆ ಬಂದವರು ಇಲ್ಲೇ ಉಳಿದರು, ಇಲ್ಲೇ ಮಣ್ಣಾದರು. ಇನ್ನು 'ಎಲ್ಲಿಯವರು?' ಎಂದು ಕೇಳಿದರೆ, 'ದಂಡಿನವರು' ಎಂದು ಕನ್ನಡದಲ್ಲೇ ಹೇಳೋಣ.