ಸ್ಟ್ರೆಚಿಂಗ್ ಚರಿತ್ರೆ, ಭಾಗ 4: ಪೋಲಿಯೊ ಮಂಚದಿಂದ ಜಿಮ್ ಮ್ಯಾಟ್‌ಗೆ

ಟ್ರೈನರ್ ನಿಮ್ಮ ಕಾಲನ್ನ ಮೇಲಕ್ಕೆತ್ತಿ ಹಿಡಿದು "ನನ್ನ ಕೈನ ಜೋರಾಗಿ ತಳ್ಳಿ... ಹಾಂ, ಈಗ ಬಿಡಿ" ಅಂತಾರಲ್ಲ, ಅದೇ ಪಿಎನ್‌ಎಫ್. ಮೈ ಬೇಗ ಬಾಗೋಕೆ ಇವತ್ತು ಎಲ್ಲರೂ ಹೇಳೋ ವಿಧಾನ. ಆದ್ರೆ ಇದು ಹುಟ್ಟಿದ್ದು ಮೈ ಬಾಗಿಸೋಕಲ್ಲ.

1940ರ ದಶಕದ ಅಮೆರಿಕ. ಪೋಲಿಯೊ ಬಂದು ಕೈಕಾಲು ಸೋತವರು ಸಾವಿರಾರು ಜನ. ನರಶಾಸ್ತ್ರ ಬಲ್ಲ ವೈದ್ಯ ಹರ್ಮನ್ ಕ್ಯಾಬಟ್ 1946ರಲ್ಲಿ ವಾಷಿಂಗ್ಟನ್‌ನಲ್ಲಿ ಒಂದು ಸಂಸ್ಥೆ ಶುರು ಮಾಡಿದರು. ದುಡ್ಡು ಕೊಟ್ಟವರು ಉದ್ಯಮಿ ಹೆನ್ರಿ ಕೈಸರ್. ಅವರ ಮಗನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇತ್ತು. ರೋಗಿಗಳ ಮೇಲೆ ಕೈಯಿಟ್ಟು ವಿಧಾನವನ್ನ ಪಳಗಿಸಿದ್ದು ಫಿಸಿಯೊಥೆರಪಿಸ್ಟ್ ಮಾರ್ಗರೆಟ್ ನಾಟ್. (ಜಿಮ್‌ಗಳಲ್ಲಿ ಈ ಹೆಸರು ಯಾರ ಬಾಯಲ್ಲೂ ಬರಲ್ಲ, ಬರಬೇಕಿತ್ತು.) ಸೋತ ಸ್ನಾಯು ತಳ್ಳುವಾಗ ಎದುರಿನಿಂದ ಒತ್ತಡ ಕೊಟ್ಟು ಅದನ್ನ ಎಬ್ಬಿಸೋದು ಅವರ ಲೆಕ್ಕ. ಬೇಕಿದ್ದದ್ದು ಮುಖ್ಯವಾಗಿ ಬಲ.

ಮೈದಾನದಲ್ಲಿ ಆಗ ಬೇರೆ ರೂಢಿ. ಬಗ್ಗಿ, ಕುಲುಕಿ ಕುಲುಕಿ ಕಾಲ್ಬೆರಳು ಮುಟ್ಟೋದು. 1962ರಲ್ಲಿ ಡಿ ವ್ರೈಸ್ ಅನ್ನೋ ಸಂಶೋಧಕರು ಇದನ್ನ ಅಲುಗದೆ ಹಿಡಿದು ನಿಲ್ಲೋದರ ಜೊತೆ ಹೋಲಿಸಿದರು. ಮೈ ಬಾಗಿದ್ದು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ! ಆದರೂ ಪೆಟ್ಟಾಗೋ ಭಯಕ್ಕೆ ಹಿಡಿದು ನಿಲ್ಲೋದೇ ಗೆದ್ದಿತು. 1975ರ ಬಾಬ್ ಆಂಡರ್ಸನ್ ಪುಸ್ತಕ ಅದನ್ನ ಮನೆಮನೆಗೆ ತಲುಪಿಸಿತು.

ಬಲದ ಕಥೆ ಏನು? 1998ರಲ್ಲಿ ಕೊಕ್ಕೊನೆನ್ ಮತ್ತು ಜೊತೆಗಾರರು ಸ್ಟ್ರೆಚ್ ಮಾಡಿದ ತಕ್ಷಣ ಭಾರ ಎತ್ತಿಸಿ ನೋಡಿದರು. ಮಂಡಿ ಮಡಚೋ, ಚಾಚೋ ಬಲ ಸುಮಾರು 7-8% ಇಳಿದಿತ್ತು. 2000ದಲ್ಲಿ ಕೆನಡಾದ ಇನ್ನೊಂದು ತಂಡ ಮೀನಖಂಡವನ್ನ ಅರ್ಧ ಗಂಟೆ ಎಳೆದಾಗ ಬಲ 28% ಕುಸಿಯಿತು, ಒಂದು ಗಂಟೆ ಕಳೆದರೂ 9% ಕಮ್ಮಿ. ಅಷ್ಟೇ, ಕೋಚ್‌ಗಳಿಗೆ ದಿಗಿಲು. ಸ್ಟ್ರೆಚಿಂಗೇ ಬೇಡ ಅನ್ನೋ ಮಾತು ಬಂತು.

ಅದು ಅತಿಯಾಯ್ತು ಅಂತ ನನಗನ್ಸುತ್ತೆ. ಮ್ಯಾಚ್‌ಗೆ ಮುಂಚೆ ಅರ್ಧ ಗಂಟೆ ಮೀನಖಂಡ ಎಳೆಯೋರು ಯಾರು ಹೇಳಿ? 2012ರಲ್ಲಿ ಕೇ ಮತ್ತು ಬ್ಲೇಜವಿಚ್ ನೂರಾರು ಅಧ್ಯಯನಗಳನ್ನ ಜರಡಿ ಹಿಡಿದಾಗ ಕಂಡದ್ದು: ಹಿಡಿತ 45 ಸೆಕೆಂಡಿನೊಳಗಿದ್ರೆ ನಷ್ಟ ಲೆಕ್ಕಕ್ಕಿಲ್ಲದಷ್ಟು, 60 ದಾಟಿದ್ರೆ ಮಾತ್ರ ಎದ್ದು ಕಾಣುತ್ತೆ. ಹಾಗಾಗಿ ಓಟಕ್ಕೆ ಮುಂಚೆ ಕಾಲು ಬೀಸಿ, ಲಂಜ್ ಹಾಕಿ; ದೀರ್ಘ ಹಿಡಿತ ಸಂಜೆಗಿರಲಿ.

ಭಾಗ 5ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆ, 1930ರ ದಶಕ: ಕೃಷ್ಣಮಾಚಾರ್ಯರ ಯೋಗಶಾಲೆ.

#ಸ್ಟ್ರೆಚಿಂಗ್‌ಚರಿತ್ರೆ #ಕನ್ನಡಫಿಟ್‌ನೆಸ್