ಕೈಗಣಕದ ಕಿಂಡಿ: ಒಂದು ಪುಟ್ಟ ಚರಿತ್ರೆ

ಕಿಂಡಿ ಎಂದೊಡನೆ ಕನ್ನಡಿಗರ ಮನಸ್ಸು ಉಡುಪಿಯತ್ತ ಹೊರಳುವುದು ಸಹಜ. ಕನಕದಾಸರಿಗಾಗಿ ಗೋಡೆ ಬಿರಿದು, ಕೃಷ್ಣನು ಪಶ್ಚಿಮಕ್ಕೆ ತಿರುಗಿ ದರ್ಶನವಿತ್ತನೆಂಬ ಐತಿಹ್ಯವನ್ನು ಕೇಳುತ್ತಲೇ ಬೆಳೆದವರು ನಾವು. ಆ ಕಿಂಡಿ ಎಷ್ಟು ದೊಡ್ಡದೆಂದು ಯಾರೂ ಕೇಳುವುದಿಲ್ಲ. ಅದು ಯಾವ ಗೋಡೆಯಲ್ಲಿದೆ, ಹೊರಗೆ ನಿಂತವನಿಗೆ ಎಟಕುತ್ತದೆಯೇ ಎಂಬುದರಲ್ಲಿಯೇ ಕತೆಯ ಸ್ವಾರಸ್ಯವೆಲ್ಲ ಅಡಗಿದೆ. ನಾನಿಲ್ಲಿ ಬರೆಯಹೊರಟಿರುವುದು ಅದಕ್ಕಿಂತ ಬಹಳ ಚಿಕ್ಕದಾದ, ತೀರ ಲೌಕಿಕವಾದ ಮತ್ತೊಂದು ಕಿಂಡಿಯ ಚರಿತ್ರೆಯನ್ನು. ನಮ್ಮ ಮಕ್ಕಳೂ ಮೊಮ್ಮಕ್ಕಳೂ ಎರಡು ಕೈಗಳಲ್ಲಿ ಹಿಡಿದು ಆಡುವ ಪುಟ್ಟ ಗಣಕಗಳಲ್ಲಿ ಮೆಮೊರಿ ಕಾರ್ಡನ್ನು ತೂರಿಸಲೆಂದು ಬಿಟ್ಟಿರುವ ಸೀಳು ಅದು. ಇಂದು ಬಳಕೆಯಲ್ಲಿರುವ ಮೈಕ್ರೋ ಎಸ್‌ಡಿ ಕಾರ್ಡಿನ ಅಗಲ 11 ಮಿಲಿಮೀಟರ್, ಉದ್ದ 15 ಮಿಲಿಮೀಟರ್. ಅಂದರೆ ಹೆಬ್ಬೆರಳಿನ ಉಗುರಿನಷ್ಟು. ಇಷ್ಟು ಸಣ್ಣ ವಸ್ತುವನ್ನು ಯಂತ್ರದ ಯಾವ ಬದಿಗೆ ಇಡಬೇಕೆಂಬುದಕ್ಕೂ ಒಂದು ಚರಿತ್ರೆಯಿದೆಯೇ ಎಂದು ಓದುಗರು ಹುಬ್ಬೇರಿಸಬಹುದು. ಇದೆ. ಮೂರು ದಶಕಗಳ ಕಾಲ ಸರ್ಕಿಟ್ ಬೋರ್ಡುಗಳ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡಿದ್ದ ನನ್ನಂಥವನಿಗೆ ಅದು ರೋಚಕವಾದ ಚರಿತ್ರೆಯೂ ಹೌದು.

ಮೊದಲು ಸಮಸ್ಯೆಯನ್ನು ಅರಿತುಕೊಳ್ಳೋಣ. ಕೈಗಣಕಕ್ಕೆ ನಾಲ್ಕು ಅಂಚುಗಳು, ಒಂದು ಮುಖ, ಒಂದು ಬೆನ್ನು. ಮುಖವನ್ನು ಪರದೆಯೂ ಗುಂಡಿಗಳೂ ಆಕ್ರಮಿಸುತ್ತವೆ. ಎಡಬಲದ ಅಂಚುಗಳು ಅಂಗೈಗಳಿಗೆ ಮೀಸಲು. ಅಲ್ಲಿ ಕಿಂಡಿಯಿದ್ದರೆ ಆಟದ ಭರದಲ್ಲಿ ಬೆರಳು ತಗುಲಿ ಕಾರ್ಡು ಹೊರಬಂದೀತು. ಬಿಸಿಗಾಳಿ ಮೇಲಕ್ಕೇರುವುದು ಪ್ರಕೃತಿನಿಯಮವಾದ್ದರಿಂದಲೂ, ಕೆಳಗಿದ್ದರೆ ಆಡುವವನ ಮಡಿಲಿಗೇ ಬಿಸಿ ತಾಗುವುದರಿಂದಲೂ, ಯಂತ್ರದ ಉಸಿರುಗಂಡಿಯನ್ನು ಸಾಮಾನ್ಯವಾಗಿ ಮೇಲಂಚಿನಲ್ಲಿ ಇಡುತ್ತಾರೆ. ಕೆಳಂಚು ತೊಡೆಯ ಮೇಲೆ, ಮೇಜಿನ ಮೇಲೆ ಊರಿಕೊಳ್ಳುವ ಭಾಗ, ಧೂಳು ಹೆಚ್ಚು. ಬೆನ್ನಿನಲ್ಲಿ ಬ್ಯಾಟರಿ ಮಲಗಿರುತ್ತದೆ. ಇದರ ಮೇಲೆ ಕಾರ್ಡನ್ನು ಹಿಡಿಯುವ ಲೋಹದ ಗೂಡನ್ನು ಬೋರ್ಡಿನ ಅಂಚಿಗೆ ಬೆಸುಗೆ ಹಾಕಬೇಕು. ಹೊರಕವಚದ ಸೀಳು ಅದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಎದುರಾಗಬೇಕು. ಹೀಗೆ ಎಲ್ಲ ಕಡೆಯೂ ಯಾರೋ ಒಬ್ಬರು ಮೊದಲೇ ಕುಳಿತಿರುವ ಪಂಕ್ತಿಯಲ್ಲಿ ಕೊನೆಗೆ ಬಂದ ಅತಿಥಿಗೆ ಎಲೆ ಹಾಕುವ ಕಷ್ಟ ವಿನ್ಯಾಸಕಾರನದು.

ಕಾರ್ಡು ಬರುವ ಮುನ್ನ ಇದ್ದುದು ಕಾರ್ಟ್ರಿಜ್. 1979ರಲ್ಲಿ ಅಮೆರಿಕದ ಮಿಲ್ಟನ್ ಬ್ರ್ಯಾಡ್ಲಿ ಕಂಪನಿ ಹೊರತಂದ ಮೈಕ್ರೋವಿಷನ್ ಎಂಬ ಯಂತ್ರವೇ ಆಟಗಳನ್ನು ಬದಲಿಸಬಹುದಾದ ಮೊದಲ ಕೈಯಾಟ. ಅದರಲ್ಲಿ ಕಿಂಡಿಯೆಂಬುದು ಹೆಸರಿಗಷ್ಟೆ. ಆಟ ಬದಲಿಸುವುದೆಂದರೆ ಯಂತ್ರದ ಮುಖವನ್ನೇ ಕಳಚಿ ಬೇರೊಂದು ಮುಖವನ್ನು ತೊಡಿಸುವುದಾಗಿತ್ತು, ಬಣ್ಣದ ವೇಷದವನು ಕಿರೀಟ ಬದಲಿಸಿದಂತೆ. ಹತ್ತು ವರ್ಷಗಳ ಬಳಿಕ, 1989ರಲ್ಲಿ, ಜಪಾನಿನ ನಿಂಟೆಂಡೊ ಸಂಸ್ಥೆಯಲ್ಲಿ ಗುನ್‌ಪೇ ಯೊಕೊಯಿಯವರ ತಂಡ ರೂಪಿಸಿದ ಗೇಮ್ ಬಾಯ್ ಬಂದಿತು. ಅದರ ಕಿಂಡಿ ಬೆನ್ನಿನ ಮೇಲ್ತುದಿಯಲ್ಲಿತ್ತು. ಯಂತ್ರವನ್ನು ಚಾಲೂ ಮಾಡುವ ಗುಂಡಿಯನ್ನು ಸರಿಸಿದಾಗ ಒಂದು ಸಣ್ಣ ನಾಲಿಗೆ ಚಾಚಿಕೊಂಡು ಕಾರ್ಟ್ರಿಜ್‌ನ ಮೂಲೆಯ ಕಚ್ಚಿನೊಳಗೆ ಹೊಕ್ಕು ಅಗುಳಿ ಹಾಕುತ್ತಿತ್ತು. ಆಟ ನಡೆಯುವಾಗ ಮಗು ಎಷ್ಟೇ ಎಳೆದರೂ ಅದು ಹೊರಬರುತ್ತಿರಲಿಲ್ಲ. 1998ರ ಗೇಮ್ ಬಾಯ್ ಕಲರ್‌ನಲ್ಲಿ ಈ ಅಗುಳಿಯನ್ನು ಕೈಬಿಟ್ಟರು. ಅದಕ್ಕೆಂದೇ ಮಾಡಿದ ಹೊಸ ಕಾರ್ಟ್ರಿಜ್‌ಗಳಲ್ಲಿ ಕಚ್ಚು ಇಲ್ಲದ್ದರಿಂದ, ಅವನ್ನು ಹಳೆಯ ಯಂತ್ರಕ್ಕೆ ತೂರಿಸಿದರೆ ಗುಂಡಿಯೇ ಸರಿಯುತ್ತಿರಲಿಲ್ಲ. ಒಂದು ಮೂಲೆಯ ಕಚ್ಚು ಎರಡು ತಲೆಮಾರುಗಳ ನಡುವಣ ಗಡಿರೇಖೆಯಾಯಿತು.

ಆ ಕಾರ್ಟ್ರಿಜ್‌ಗಳಲ್ಲಿ ಅನೇಕವು ಆಟಗಾರನು ಎಲ್ಲಿಯವರೆಗೆ ಬಂದಿದ್ದಾನೆಂಬುದನ್ನು ತಮ್ಮೊಳಗೇ ನೆನಪಿಟ್ಟುಕೊಳ್ಳುತ್ತಿದ್ದವು. ಆ ನೆನಪನ್ನು ಕಾಯುತ್ತಿದ್ದುದು ಗುಂಡಿಯಾಕಾರದ ಒಂದು ಬ್ಯಾಟರಿ. ಬ್ಯಾಟರಿ ಬರಿದಾದೊಡನೆ ನೆನಪೂ ಅಳಿಯುತ್ತಿತ್ತು. ದೀಪದೆಣ್ಣೆ ತೀರಿದರೆ ಬೆಳಕು ನಿಲ್ಲುವಂಥ ಈ ಸ್ಥಿತಿಯನ್ನು ಬದಲಿಸಿದ್ದು ಫ್ಲ್ಯಾಶ್ ಮೆಮೊರಿ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕ ಅವರು 1980ರ ದಶಕದಲ್ಲಿ ರೂಪಿಸಿದ ಈ ಬಗೆಯ ಸ್ಮೃತಿಕೋಶ, ವಿದ್ಯುತ್ತು ಕಡಿದರೂ ತನ್ನೊಳಗಿನ ಎಲೆಕ್ಟ್ರಾನುಗಳನ್ನು ವರ್ಷಗಟ್ಟಲೆ ಹಿಡಿದಿಡಬಲ್ಲದು. 1999ರಲ್ಲಿ ಸ್ಯಾನ್‌ಡಿಸ್ಕ್, ಮಾತ್ಸುಶಿತ ಮತ್ತು ತೋಷಿಬಾ ಕೂಡಿ ಎಸ್‌ಡಿ ಕಾರ್ಡನ್ನು ಪ್ರಕಟಿಸಿದುವು. 2004ರಲ್ಲಿ ಟ್ರಾನ್ಸ್‌ಫ್ಲ್ಯಾಶ್ ಎಂಬ ಹೆಸರಿನಲ್ಲಿ ಬಂದ ಪುಟಾಣಿ ಕಾರ್ಡು 2005ರಲ್ಲಿ ಮೈಕ್ರೋ ಎಸ್‌ಡಿ ಎಂಬ ನಾಮಕರಣ ಪಡೆಯಿತು.

ಕಿಂಡಿಯನ್ನು ತಪ್ಪು ಜಾಗದಲ್ಲಿಟ್ಟರೆ ಏನಾಗುತ್ತದೆಂಬುದಕ್ಕೆ 2003ರ ಅಕ್ಟೋಬರಿನಲ್ಲಿ ಬಂದ ನೋಕಿಯಾ ಎನ್-ಗೇಜ್ ಶಾಸ್ತ್ರೋಕ್ತ ನಿದರ್ಶನ. ಫೋನೂ ಆಟದ ಯಂತ್ರವೂ ಒಂದೇ ಆಗಿದ್ದ ಅದರಲ್ಲಿ ಆಟದ ಕಾರ್ಡನ್ನು ಬ್ಯಾಟರಿಯ ಅಡಿಯಲ್ಲಿ ಇರಿಸಲಾಗಿತ್ತು. ಫೋನಿನ ಸಿಮ್ ಕಾರ್ಡು ವರ್ಷಕ್ಕೊಮ್ಮೆಯೂ ಕದಲದ ವಸ್ತುವಾದ್ದರಿಂದ ಅದು ಬ್ಯಾಟರಿಯ ಕೆಳಗಿದ್ದರೆ ಬಾಧಕವಿಲ್ಲ. ಆಟದ ಕಾರ್ಡಾದರೋ ದಿನಕ್ಕೆ ನಾಲ್ಕು ಬಾರಿ ಬದಲಾಗುವಂಥದು. ಪ್ರತಿ ಬಾರಿಯೂ ಯಂತ್ರವನ್ನು ಆರಿಸಿ, ಬೆನ್ನು ಕಳಚಿ, ಬ್ಯಾಟರಿ ತೆಗೆದು, ಕಾರ್ಡು ಬದಲಿಸಿ, ಮತ್ತೆ ಎಲ್ಲವನ್ನೂ ಜೋಡಿಸಬೇಕಿತ್ತು. ಜನ ನಕ್ಕರು. ಮರುವರ್ಷವೇ, 2004ರಲ್ಲಿ, ಎನ್-ಗೇಜ್ ಕ್ಯೂಡಿ ಎಂಬ ಪರಿಷ್ಕೃತ ಮಾದರಿಯಲ್ಲಿ ಕಿಂಡಿ ಕೆಳಂಚಿಗೆ ಬಂದಿತು. ಆದರೆ ಹೋದ ಮಾನ ಮರಳಲಿಲ್ಲ.

ಅದೇ 2004ರ ನಿಂಟೆಂಡೊ ಡಿಎಸ್ ಯಂತ್ರಕ್ಕೆ ಎರಡು ಕಿಂಡಿಗಳು: ಹೊಸ ಆಟದ ಕಾರ್ಡಿಗೆ ಮೇಲಂಚಿನಲ್ಲಿ ಒಂದು, ಹಿಂದಿನ ಪೀಳಿಗೆಯ ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಜ್‌ಗೆ ಕೆಳಂಚಿನಲ್ಲಿ ಇನ್ನೊಂದು. ಹಿರಿಯರಿಗೂ ಮನೆಯಲ್ಲಿ ಒಂದು ಕೋಣೆ ಉಳಿಸಿದಂಥ ಏರ್ಪಾಡು. 2008ರಲ್ಲಿ ಜಪಾನಿನಲ್ಲಿಯೂ 2009ರಲ್ಲಿ ಅಮೆರಿಕದಲ್ಲಿಯೂ ಬಂದ ಡಿಎಸ್‌ಐನಲ್ಲಿ ಹಿರಿಯರ ಆ ಕೋಣೆಯನ್ನು ಮುಚ್ಚಿ, ಬಲಬದಿಯಲ್ಲಿ ಎಸ್‌ಡಿ ಕಾರ್ಡಿಗೆ ಹೊಸ ಕಿಂಡಿ ತೆರೆದರು. ಯಂತ್ರಕ್ಕೆ ಪುಟ್ಟ ಕ್ಯಾಮೆರಾಗಳು ಕೂಡ ಬಂದಿದ್ದುವು.

ಈ ಕಿಂಡಿಯ ಋಣ ನನ್ನ ಮೇಲಿದೆ. 2009ರ ಬೇಸಗೆ ರಜೆಯಲ್ಲಿ ತೀರ್ಥಹಳ್ಳಿಗೆ ಹೋಗಿದ್ದಾಗ, ಆಗ ಒಂಬತ್ತು ವರ್ಷದವಳಾಗಿದ್ದ ಮಗಳು ತನ್ನ ಡಿಎಸ್‌ಐನಿಂದ ಅಜ್ಜಿಯ ಹತ್ತಾರು ಚಿತ್ರಗಳನ್ನು ತೆಗೆದಳು. ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುವುದು, ಕಾಗೆ ಓಡಿಸುವುದು, ‘ಸಾಕು ಮಾರಾಯ್ತಿ, ಅದೇನು ಪಟ ತೆಗೀತಿ’ ಎಂದು ಸೆರಗು ಅಡ್ಡ ಹಿಡಿಯುವುದು, ಇತ್ಯಾದಿ. ಮೂರು ವರ್ಷಗಳ ಬಳಿಕ ನನ್ನ ತಾಯಿ ತೀರಿಕೊಂಡರು. ಮಗಳು ದೊಡ್ಡವಳಾದ ಮೇಲೆ ಆ ಯಂತ್ರವನ್ನು ನೆರೆಮನೆಯ ಮಗುವಿಗೆ ಕೊಟ್ಟಳು. ಕೊಡುವ ಮುನ್ನ ಪಕ್ಕದ ಮುಚ್ಚಳ ತೆರೆದು, ಬೆರಳಿನಿಂದ ಒತ್ತಿ, ಕಾರ್ಡನ್ನು ಹೊರತೆಗೆದುಕೊಂಡಳು. ಮಸುಕಾದ ಆ ಸಣ್ಣ ಚಿತ್ರಗಳು ಇಂದಿಗೂ ನಮ್ಮ ಮನೆಯ ಗಣಕದಲ್ಲಿ ತೆರೆದುಕೊಳ್ಳುತ್ತವೆ. ಯಂತ್ರ ಹೋದರೂ ನೆನಪು ನಮ್ಮ ಕೈಯಲ್ಲುಳಿಯಿತು. ಅದಕ್ಕೆ ಸ್ಕ್ರೂಡ್ರೈವರ್ ಬೇಕಾಗಲಿಲ್ಲ, ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಎಲ್ಲ ಯಂತ್ರಗಳಲ್ಲಿಯೂ ಇಷ್ಟು ಸಲೀಸಿರಲಿಲ್ಲ. 2011ರ 3ಡಿಎಸ್‌ನಲ್ಲಿ ಎಸ್‌ಡಿ ಕಿಂಡಿ ಎಡಬದಿಯಲ್ಲಿತ್ತು. ಆದರೆ 2014ರಲ್ಲಿ ಜಪಾನಿನಲ್ಲಿ ಬಂದ ನ್ಯೂ 3ಡಿಎಸ್‌ನಲ್ಲಿ ಅದೇ ಕಾರ್ಡು ಮೈಕ್ರೋ ರೂಪ ತಾಳಿ ಬೆನ್ನಿನ ಫಲಕದ ಒಳಗೆ ಸೇರಿಕೊಂಡಿತು. ತಿರುಪು ಸಡಿಲಿಸದೆ ಅದನ್ನು ಮುಟ್ಟುವಂತಿರಲಿಲ್ಲ. ಸೋನಿ ಸಂಸ್ಥೆಯದು ಇನ್ನೊಂದು ದಾರಿ. ಅದರ ಪಿಎಸ್‌ಪಿಗೆ ತನ್ನದೇ ಆದ ಮೆಮೊರಿ ಸ್ಟಿಕ್ ಡ್ಯುಯೊ ಬೇಕಾಗಿತ್ತು. 2011ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ವೀಟಾ ಯಂತ್ರದಲ್ಲಿ ಆಟದ ಕಿಂಡಿ ಮೇಲೆ, ಮೆಮೊರಿ ಕಿಂಡಿ ಕೆಳಗೆ. ಕೆಳಗಿನದಕ್ಕೆ ಹೊಂದುತ್ತಿದ್ದುದು ವೀಟಾಕ್ಕೆಂದೇ ಮಾಡಿದ, ಬೆಲೆಯಲ್ಲಿ ದುಬಾರಿಯಾದ ಕಾರ್ಡು ಮಾತ್ರ. ಬಾಗಿಲು ಕೈಗೆಟಕುವಲ್ಲಿಯೇ ಇತ್ತು. ಬೀಗದ ಕೈ ಮಾತ್ರ ಒಂದೇ ಅಂಗಡಿಯದಾಗಿತ್ತು.

2017ರ ನಿಂಟೆಂಡೊ ಸ್ವಿಚ್ ಜಾಣತನದ ಮಧ್ಯಮಾರ್ಗ ಹಿಡಿಯಿತು. ದಿನವೂ ಬದಲಾಗುವ ಆಟದ ಕಾರ್ಡಿಗೆ ಮೇಲಂಚಿನಲ್ಲಿ ಮುಚ್ಚಳದ ಕಿಂಡಿ. ಅಪರೂಪಕ್ಕೊಮ್ಮೆ ತೆಗೆಯುವ ಮೈಕ್ರೋ ಎಸ್‌ಡಿಗೆ ಬೆನ್ನಿನ ಊರುಗಾಲಿನ ಮರೆಯಲ್ಲಿ ಸ್ಥಾನ. ಮಕ್ಕಳು ಆಟದ ಕಾರ್ಡನ್ನು ಬಾಯಿಗೆ ಹಾಕದಿರಲೆಂದು ಅದಕ್ಕೆ ಡೆನಟೋನಿಯಂ ಬೆಂಜೋಯೇಟ್ ಎಂಬ ಕಡುಕಹಿಯನ್ನು ಲೇಪಿಸಿದ್ದೂ ಉಂಟು. ಹಾಲು ಬಿಡಿಸಲು ಬೇವು ಹಚ್ಚುವ ನಮ್ಮ ಅಜ್ಜಿಯಂದಿರಿಗೆ ಇದೇನೂ ಹೊಸ ವಿದ್ಯೆಯಲ್ಲ.

ಇನ್ನು ಪೂರ್ಣಪ್ರಮಾಣದ ಗಣಕವನ್ನೇ ಅಂಗೈಗೆ ಇಳಿಸಿದ ಯಂತ್ರಗಳ ಕಾಲ. 2022ರ ಫೆಬ್ರವರಿಯಲ್ಲಿ ವಾಲ್ವ್ ಸಂಸ್ಥೆಯ ಸ್ಟೀಮ್ ಡೆಕ್ ಬಂದಾಗ ಅದರ ಅಗ್ಗದ ಮಾದರಿಯ ಒಳಗಿದ್ದ ಜಾಗ 64 ಗಿಗಾಬೈಟ್ ಮಾತ್ರ; ದೊಡ್ಡ ಆಟವೊಂದೇ ಅದನ್ನು ನುಂಗಬಲ್ಲುದು. ಹಾಗಾಗಿ ಮೆಮೊರಿ ಕಾರ್ಡು ಅಲಂಕಾರವಾಗಿ ಉಳಿಯದೆ ಅನಿವಾರ್ಯವಾಯಿತು. ಅದರ ಕಿಂಡಿ ಕೆಳಂಚಿನ ಬಲಭಾಗದಲ್ಲಿ, ಮೇಲಿನ ಬಿಸಿಗಾಳಿಯ ಗಂಡಿಗೆ ದೂರದಲ್ಲಿದೆ. ಆದರೆ ಒಂದು ಎಚ್ಚರ: ದುರಸ್ತಿಗೆಂದು ಬೆನ್ನಿನ ಕವಚವನ್ನು ತೆಗೆಯುವ ಮುನ್ನ ಕಾರ್ಡನ್ನು ಹೊರಗೆಳೆಯದಿದ್ದರೆ, ಬೋರ್ಡಿಗೂ ಕವಚಕ್ಕೂ ನಡುವೆ ಸಿಲುಕಿದ ಕಾರ್ಡು ಎರಡು ತುಂಡಾಗುತ್ತದೆ. ಅದರ ದುರಸ್ತಿ ಕೈಪಿಡಿಗಳು ಈ ಮಾತನ್ನು ಮೊದಲಲ್ಲೇ ಹೇಳುತ್ತವೆ.

2023ರ ಜೂನಿನಲ್ಲಿ ಬಂದ ಏಸುಸ್ ಸಂಸ್ಥೆಯ ಆರ್‌ಓಜಿ ಆಲೈ ಯಂತ್ರದಲ್ಲಿ ಕಿಂಡಿಯನ್ನು ಮೇಲಂಚಿನಲ್ಲಿ, ಬಿಸಿಗಾಳಿ ಹೊರಹೋಗುವ ಗಂಡಿಯ ಬಳಿಯಲ್ಲೇ ಇರಿಸಲಾಯಿತು. ತಿಂಗಳೊಳಗೆ ಕಾರ್ಡು ಓದುವ ಭಾಗ ಕೆಡುತ್ತಿದೆಯೆಂಬ ದೂರುಗಳು ಕೇಳಿಬಂದುವು. ತಾಪದ ಒತ್ತಡದಲ್ಲಿ ಹಾಗಾಗಬಹುದೆಂದು ಸಂಸ್ಥೆಯೇ ಜುಲೈನಲ್ಲಿ ಒಪ್ಪಿಕೊಂಡು, ಫ್ಯಾನಿನ ವೇಗ ಹೆಚ್ಚಿಸುವ ತಂತ್ರಾಂಶವನ್ನು ಹಂಚಿತು. 2024ರ ಆಲೈ ಎಕ್ಸ್ ಮಾದರಿಯಲ್ಲಿ ಕಿಂಡಿಯ ಜಾಗವನ್ನೇ ಬದಲಿಸಿತು. ಒಲೆಯ ಪಕ್ಕದಲ್ಲಿ ಬೆಣ್ಣೆಯ ಗಡಿಗೆ ಇಡಬಾರದೆಂಬ ಅಡುಗೆಮನೆಯ ವಿವೇಕ ಇಲ್ಲಿಯೂ ಸಲ್ಲುತ್ತದೆ. ಫ್ಲ್ಯಾಶ್ ಕೋಶದೊಳಗಿನ ವಿದ್ಯುದಂಶ ಕೂಡ ಬಿಸಿಯಲ್ಲಿ ಬೇಗ ಸೋರುವಂಥದು.

ಆಟದ ಯಂತ್ರವಲ್ಲದಿದ್ದರೂ, ನಮ್ಮ ಬೆಂಗಳೂರಿನ ಒಂದು ಕೈಗಣಕವನ್ನು ಇಲ್ಲಿ ಸ್ಮರಿಸದಿದ್ದರೆ ಈ ಚರಿತ್ರೆ ಅಪೂರ್ಣ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಕೂಡಿ ರೂಪಿಸಿದ ಸಿಂಪ್ಯೂಟರ್‌ನ ಮೊದಲ ಮಾದರಿ 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಸ್ಮಾರ್ಟ್ ಕಾರ್ಡಿಗೊಂದು ಕಿಂಡಿಯಿತ್ತು. ಅದರ ಹಿಂದಿನ ಆಲೋಚನೆ ಸರಳ ಮತ್ತು ಉದಾತ್ತ: ಬಡ ಹಳ್ಳಿಯಲ್ಲಿ ಪ್ರತಿಯೊಬ್ಬನೂ ಗಣಕ ಕೊಳ್ಳಲಾರ, ಗಣಕ ಊರಿಗೊಂದು ಇರಲಿ, ಕಾರ್ಡು ಮಾತ್ರ ಒಬ್ಬೊಬ್ಬನಿಗೂ ತನ್ನದೇ ಇರಲಿ. ಯಂತ್ರ ಎಲ್ಲರದು, ನೆನಪು ಅವರವರದು. 2004ರಲ್ಲಿ ಪಿಕೊಪೇಟ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಅಮಿಡಾ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಯಂತ್ರ ಮರೆಯಾಯಿತು, ಅದು ಎತ್ತಿದ ಪ್ರಶ್ನೆ ಮರೆಯಾಗುವಂಥದಲ್ಲ.

ಏಕೆಂದರೆ ಇಂದು ಕಿಂಡಿ ಇದ್ದೂ ಇಲ್ಲದಂಥ ಕಾಲ ಬಂದಿದೆ. 2025ರ ಜೂನ್ 5ರಂದು ಬಿಡುಗಡೆಯಾದ ಸ್ವಿಚ್ 2ರಲ್ಲಿ ಮೆಮೊರಿ ಕಿಂಡಿ ಹಿಂದಿನಂತೆಯೇ ಊರುಗಾಲಿನ ಮರೆಯಲ್ಲಿದೆ. ಆದರೆ ಆಟಗಳನ್ನು ಇರಿಸಲು ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ವೇಗದ ಕಾರ್ಡೇ ಬೇಕು. ಅಂಗಡಿಯಲ್ಲಿ ಕೊಂಡ ಆಟದ ಕಾರ್ಡುಗಳಲ್ಲಿ ಕೆಲವು ಬರಿಯ ಬೀಗದ ಕೈಗಳು. ಆಟವನ್ನು ಅಂತರಜಾಲದಿಂದಲೇ ಇಳಿಸಿಕೊಳ್ಳಬೇಕು. ಕೈಯಲ್ಲಿ ಕಾರ್ಡಿದೆ, ಅದರೊಳಗೆ ಆಟವಿಲ್ಲ. ಅದನ್ನು ಒದಗಿಸುವ ದೂರದ ಗಣಕ ಒಂದು ದಿನ ನಿಂತರೆ ಕೊಂಡವನ ಪಾಡೇನು?

ಆದ್ದರಿಂದ ಕಿಂಡಿ ಎಲ್ಲಿರಬೇಕೆಂಬುದು ಕೇವಲ ವಿನ್ಯಾಸಕಾರನ ಸಮಸ್ಯೆಯೆಂದು ನಾನು ಭಾವಿಸುವುದಿಲ್ಲ. ಉಪಕರಣವಿಲ್ಲದೆ ಒಡೆಯನ ಬೆರಳಿಗೆ ಎಟಕುವಲ್ಲಿ ಕಿಂಡಿಯಿಟ್ಟವನು ‘ಇದು ನಿನ್ನದು, ಒಯ್ಯಬಹುದು’ ಎನ್ನುತ್ತಾನೆ. ತಿರುಪುಗಳ ಹಿಂದೆ ಇಟ್ಟವನು ‘ಬೇಕಾದರೆ ಕೇಳಿಕೋ’ ಎನ್ನುತ್ತಾನೆ. ಕಿಂಡಿಯನ್ನೇ ಮುಚ್ಚಿದವನು ಏನನ್ನೂ ಹೇಳುವುದಿಲ್ಲ. ಊರು ಬಿಟ್ಟು ಬಂದ ನಮಗೆ, ಒಯ್ಯಬಹುದಾದದ್ದು ಮತ್ತು ಬಿಟ್ಟುಬರಬೇಕಾದದ್ದು ಇವೆರಡರ ನಡುವಣ ಅಂತರ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಕೊನೆಯದಾಗಿ ಒಂದು ವಿನಂತಿ. ಫ್ಲ್ಯಾಶ್ ಮೆಮೊರಿಯೂ ಅಮರವಲ್ಲ. ವರ್ಷಗಟ್ಟಲೆ ವಿದ್ಯುತ್ತು ಕಾಣದೆ ಪೆಟ್ಟಿಗೆಯಲ್ಲಿ ಬಿದ್ದ ಕಾರ್ಡು ನಿಧಾನವಾಗಿ ಮರೆಯತೊಡಗುತ್ತದೆ. ಸಮ್ಮೇಳನ ಮುಗಿಸಿ ಮನೆಗೆ ಮರಳಿದ ಮೇಲೆ, ಮಕ್ಕಳು ಬಿಟ್ಟುಹೋದ ಹಳೆಯ ಯಂತ್ರಗಳು ಅಟ್ಟದಲ್ಲೋ ನೆಲಮಾಳಿಗೆಯಲ್ಲೋ ಇದ್ದರೆ ದಯವಿಟ್ಟು ಒಮ್ಮೆ ಹೊರತೆಗೆಯಿರಿ. ಅವುಗಳ ಅಂಚುಗಳನ್ನು, ಬೆನ್ನನ್ನು, ಬ್ಯಾಟರಿಯ ಅಡಿಯನ್ನು ತಡವಿ ನೋಡಿರಿ. ಕಾರ್ಡು ಸಿಕ್ಕರೆ ಅದರಲ್ಲಿರುವುದನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡಿ ಇರಿಸಿರಿ. ಅದರೊಳಗೆ ಆಟವಷ್ಟೇ ಇದೆಯೆಂದು ಮೊದಲೇ ತೀರ್ಮಾನಿಸಬೇಡಿರಿ.