ಅರ್ಜಿನೈನ್: ಒಂದು ಪುಡಿಯ ಭರವಸೆಯ ಚರಿತ್ರೆ

ರಜೆಗೆ ಊರಿಗೆ ಹೊರಟವರ ಚೀಲದಲ್ಲಿ ಈಗ ಸಿಹಿಯ ಪೊಟ್ಟಣದ ಜೊತೆಗೆ ಅಪ್ಪ-ಅಮ್ಮನಿಗೆಂದು ಕೊಂಡ ಪ್ರೋಟೀನ್ ಪುಡಿಯ ಡಬ್ಬಿಯೂ ಇರುವುದುಂಟು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಆ ಸರಪಳಿಯ ಒಂದು ಕೊಂಡಿ ಅರ್ಜಿನೈನ್. ವಯಸ್ಸಾದಂತೆ ಬಿಗಿಯಾಗುವ ರಕ್ತನಾಳಗಳನ್ನು ಇದು ಸಡಿಲಿಸೀತು ಎಂದು ವೈದ್ಯಲೋಕ ಒಮ್ಮೆ ಬಹಳ ಆಸೆಪಟ್ಟಿತ್ತು.

1886ರಲ್ಲಿ ಜ್ಯೂರಿಕ್‌ನಲ್ಲಿ ಅರ್ನ್ಸ್ಟ್ ಶುಲ್ಜ್ ಮತ್ತು ಅರ್ನ್ಸ್ಟ್ ಸ್ಟೈಗರ್, ಲೂಪಿನ್ ಎಂಬ ದ್ವಿದಳ ಧಾನ್ಯದ ಮೊಳಕೆಗಳಿಂದ ಅರ್ಜಿನೈನನ್ನು ಬೇರ್ಪಡಿಸಿದರು. ನಮ್ಮ ಕಡಲೆಕಾಯಿಯಲ್ಲೂ ಅದು ಧಾರಾಳವಾಗಿದೆ. ಆದರೆ ರಕ್ತನಾಳಕ್ಕೂ ಅದಕ್ಕೂ ಇರುವ ನಂಟು ಬಯಲಾಗಲು ನೂರು ವರ್ಷ ಬೇಕಾಯಿತು.

1980ರಲ್ಲಿ ನ್ಯೂಯಾರ್ಕ್‌ನ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ತುಂಡುಗಳಲ್ಲಿ ಒಂದು ವಿಚಿತ್ರ ತೋರಿಸಿದರು. ಅಸಿಟೈಲ್‌ಕೋಲಿನ್ ಹಾಕಿದಾಗ, ಒಳಪದರ ಹಾಗೇ ಇದ್ದ ತುಂಡು ಸಡಿಲವಾಗುತ್ತಿತ್ತು. ಒಳಪದರ ಉಜ್ಜಿಹೋಗಿದ್ದ ತುಂಡು ಸಡಿಲವಾಗುತ್ತಿರಲಿಲ್ಲ. ಅಂದರೆ ಆ ತೆಳುಪದರವೇ ಏನನ್ನೋ ಸೂಸುತ್ತಿತ್ತು. 1987ರಲ್ಲಿ ಬ್ರಿಟನ್ನಿನ ಸಾಲ್ವಡೋರ್ ಮೊಂಕಾಡಾ ತಂಡ ಮತ್ತು ಅಮೆರಿಕದ ಲೂಯಿ ಇಗ್ನಾರೋ, ಬೇರೆಬೇರೆಯಾಗಿ, ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಗುರುತಿಸಿದರು. ಮರುವರ್ಷವೇ ಮೊಂಕಾಡಾ ತಂಡ, ಜೀವಕೋಶಗಳು ಈ ಅನಿಲವನ್ನು ಅರ್ಜಿನೈನ್‌ನಿಂದ ತಯಾರಿಸುತ್ತವೆ ಎಂದು ತೋರಿಸಿತು. 1998ರ ನೊಬೆಲ್ ಪ್ರಶಸ್ತಿ ಫರ್ಚ್‌ಗಾಟ್, ಇಗ್ನಾರೋ ಮತ್ತು ಫೆರಿಡ್ ಮುರಾಡ್ ಅವರಿಗೆ ಬಂತು.

ಇಲ್ಲಿಂದ ಮುಂದಿನ ತರ್ಕ ಸುಲಭವಾಗಿತ್ತು: ಮುಪ್ಪಿನಲ್ಲಿ ನೈಟ್ರಿಕ್ ಆಕ್ಸೈಡ್ ಸಾಲುವುದಿಲ್ಲ, ಕಚ್ಚಾವಸ್ತು ಹೆಚ್ಚು ಕೊಟ್ಟರೆ ಅದೂ ಹೆಚ್ಚೀತು. ಕೆಲವು ಚಿಕ್ಕ ಅಧ್ಯಯನಗಳು ಆಸೆಯನ್ನೂ ಹುಟ್ಟಿಸಿದವು. ಅರ್ಜಿನೈನ್ ಪುಡಿ, ಗುಳಿಗೆಗಳು ಅಂಗಡಿಗೆ ಬಂದವು.

ಈ ತರ್ಕವನ್ನು ಒರೆಗೆ ಹಚ್ಚಿದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು. ಆಗಷ್ಟೇ ಹೃದಯಾಘಾತದಿಂದ ಪಾರಾಗಿದ್ದ 153 ಮಂದಿ ಈ ಪ್ರಯೋಗದಲ್ಲಿದ್ದರು. ಅವರಲ್ಲಿ ಅರ್ಧದಷ್ಟು ಜನ 60 ದಾಟಿದವರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆ ದಿನಕ್ಕೆ ಮೂರು ಸಲ 3 ಗ್ರಾಂ ಅರ್ಜಿನೈನ್, ಇನ್ನೊಂದಕ್ಕೆ ಹುಸಿಗುಳಿಗೆ, ಆರು ತಿಂಗಳು. ರಕ್ತನಾಳದ ಬಿಗಿತ ಕಡಿಮೆಯಾಗಲಿಲ್ಲ. ಅದಕ್ಕಿಂತ ಕಳವಳದ ಸಂಗತಿ: ಅರ್ಜಿನೈನ್ ಗುಂಪಿನಲ್ಲಿ ಆರು ಮಂದಿ ತೀರಿಕೊಂಡರು, ಹುಸಿಗುಳಿಗೆಯ ಗುಂಪಿನಲ್ಲಿ ಒಬ್ಬರೂ ಇಲ್ಲ. ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಲಾಯಿತು. ಸಂಖ್ಯೆ ಚಿಕ್ಕದು, ಕಾಕತಾಳೀಯವೂ ಇರಬಹುದು. ಆದರೂ ಹೃದಯಾಘಾತದ ನಂತರ ಇದನ್ನು ಕೊಡಬಾರದು ಎಂದು 2006ರಲ್ಲಿ ಅವರು ಬರೆದರು.

ತರ್ಕ ಎಲ್ಲಿ ಎಡವಿತು? ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಅರ್ಜಿನೈನ್ ಸಾಮಾನ್ಯವಾಗಿ ಜೀವಕೋಶದಲ್ಲಿ ಮೊದಲೇ ಇರುತ್ತದೆ. ಒಲೆಯೇ ಕೆಟ್ಟಿರುವಾಗ ಇನ್ನೊಂದು ಮೂಟೆ ಅಕ್ಕಿ ತಂದರೆ ಅನ್ನ ಬೇಯುವುದಿಲ್ಲ.

ಇದರಿಂದ ಪ್ರೋಟೀನೇ ಕೆಟ್ಟದ್ದು ಎಂದಾಗುವುದಿಲ್ಲ. ವಯಸ್ಸಾದವರ ಸ್ನಾಯುಗಳಿಗೆ ಅದು ಬೇಕೇ ಬೇಕು; ಬೇಳೆ, ಹಾಲು, ಮೊಟ್ಟೆ, ಕಡಲೆಕಾಯಿಗಳಿಂದ ಬರುವ ಅರ್ಜಿನೈನ್ ಈ ಪ್ರಯೋಗದ ವಿಷಯವಾಗಿರಲೂ ಇಲ್ಲ. ಇಲ್ಲಿ ಸೋತದ್ದು ಒಂದು ಕೊಂಡಿಯನ್ನು ಬಿಡಿಸಿ ಔಷಧಿಯಂತೆ ಕೊಟ್ಟ ಪ್ರಯತ್ನ. ಮನೆಯ ಹಿರಿಯರಿಗೆ ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ, ಡಬ್ಬಿ ಕೊಳ್ಳುವ ಮೊದಲು ಅವರ ವೈದ್ಯರಿಗೊಂದು ಫೋನ್ ಮಾಡುವುದು ಒಳ್ಳೆಯದು.